ಪಿಎಲ್‌ಸಿ ರ‍್ಯಾಕ್: ಕಾರ್ಡ್ ಕೂತ ಜಾಗವೇ ಅದರ ವಿಳಾಸ

ದಾವಣಗೆರೆಯಲ್ಲಿ ಎಂಸಿಸಿ ಎಂದರೆ ಬಡಾವಣೆ, ಎ ಬ್ಲಾಕೋ ಬಿ ಬ್ಲಾಕೋ ಎಂದು ಕೇಳುತ್ತಾರೆ. ಪ್ಯಾನೆಲ್ ಕೆಲಸದವರಿಗೆ ಮಾತ್ರ ಅದು ಮೋಟಾರ್ ಕಂಟ್ರೋಲ್ ಸೆಂಟರ್. ಹೆಸರು ಹಾಗೆ ಸುಮ್ನೆ ಕೂಡಿಬಂದದ್ದು. ಆದರೆ ಪಿಎಲ್‌ಸಿ ರ‍್ಯಾಕ್ ಕಲಿಯುವಾಗ ಬಡಾವಣೆಯ ಲೆಕ್ಕ ನನಗೆ ತುಂಬಾ ಕೆಲಸಕ್ಕೆ ಬಂತು. ಪಿಎಲ್‌ಸಿ ಎಂದರೆ ಪ್ರೋಗ್ರಾಮ್ ಪ್ರಕಾರ ಯಂತ್ರ ನಡೆಸುವ ಕಂಪ್ಯೂಟರ್. ಅದರ ಕಾರ್ಡುಗಳು ಸಾಲಾಗಿ ಕೂರುವ ಚೌಕಟ್ಟೇ ರ‍್ಯಾಕ್, ಒಂದೊಂದು ಜಾಗ ಒಂದೊಂದು ಸ್ಲಾಟ್. ಮನೆಯವರು ಬೇರೆ ಕ್ರಾಸಿಗೆ ಹೋದರೂ ಪೋಸ್ಟ್‌ಮ್ಯಾನ್ ಹಳೆ ಬಾಗಿಲನ್ನೇ ತಟ್ಟುತ್ತಾನೆ ಅಲ್ವಾ? ಕಾರ್ಡ್ ಜಾಗ ಬದಲಿಸಿದರೆ ಪ್ರೋಗ್ರಾಮ್ ಮಾಡುವುದೂ ಅದನ್ನೇ.

ಇದು ನನಗೆ ತಿಳಿದದ್ದು ಅರ್ಧ ದಿನ ಹಾಳಾದ ಮೇಲೆ. ನಾವು ಕಲಿಯುತ್ತಿದ್ದದ್ದು ಸೀಮೆನ್ಸ್ ಎಸ್7-300ರ ಒಂದು ಹಳೆ ಬೆಂಚ್ ಮೇಲೆ. ಧೂಳು ಒರೆಸಲು ಕಾರ್ಡುಗಳನ್ನು ಬಿಚ್ಚಿದೆ. ಮತ್ತೆ ಹಾಕುವಾಗ ಒಂದೇ ತರಹದ ಎರಡು ಇನ್‌ಪುಟ್ ಕಾರ್ಡುಗಳು ವೈರಿಂಗ್ ಕನೆಕ್ಟರ್ ಸಮೇತ ಅದಲು ಬದಲಾದವು. ಸ್ಟಾರ್ಟ್ ಬಟನ್ ಒತ್ತಿದರೆ ಕಾರ್ಡಿನ ಹಸಿರು ದೀಪ ಹತ್ತುತ್ತದೆ, ಮೋಟಾರ್ ಮಾತ್ರ ಅಲ್ಲಾಡುವುದಿಲ್ಲ. ಎರಡೂ ಒಂದೇ ಮಾಡೆಲ್ ಆದ್ದರಿಂದ ಸಿಪಿಯು ಕೆಂಪು ದೀಪವನ್ನೂ ತೋರಿಸಲಿಲ್ಲ. ವೈರ್, ಬಟನ್, ರಿಲೇ ಎಲ್ಲ ಮೀಟರ್ ಹಿಡಿದು ನೋಡಿದ್ದಾಯಿತು. ಕೊನೆಗೆ ಗೊತ್ತಾದದ್ದು ಇಷ್ಟು: ಪ್ರೋಗ್ರಾಮ್ ಐ 0.0 (ಐ ಎಂದರೆ ಇನ್‌ಪುಟ್, 0.0 ಎಂದರೆ 0ನೇ ಬೈಟಿನ 0ನೇ ಬಿಟ್) ಕೇಳುತ್ತಿದೆ, ಬಟನ್ ಐ 4.0ರಲ್ಲಿ ಹೋಗಿ ಕೂತಿದೆ.

ಈ ನಂಬರ್ ಎಲ್ಲಿಂದ ಬರುತ್ತದೆ ನೋಡೋಣ. ಎಸ್7-300ರಲ್ಲಿ ಸ್ಲಾಟ್ 1 ಪವರ್ ಸಪ್ಲೈಗೆ, 2 ಸಿಪಿಯುಗೆ. ಸ್ಲಾಟ್ 3 ಇನ್ನೊಂದು ರ‍್ಯಾಕ್‌ಗೆ ಕೊಂಡಿ ಹಾಕುವ ಇಂಟರ್‌ಫೇಸ್ ಮಾಡ್ಯೂಲ್‌ಗೆ ಮೀಸಲು. ಇನ್‌ಪುಟ್, ಔಟ್‌ಪುಟ್ ಕಾರ್ಡುಗಳು 4ರಿಂದ 11ರವರೆಗೆ, ಅಂದರೆ ಒಂದು ರ‍್ಯಾಕ್‌ಗೆ 8. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಇಂಟರ್‌ಫೇಸ್ ಮಾಡ್ಯೂಲ್ ಇಲ್ಲದಿದ್ದರೆ ಮೊದಲ ಕಾರ್ಡ್ ಸಿಪಿಯು ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ಕಣ್ಣಲ್ಲಿ ಎಣಿಸಿದರೆ ಅದು ಮೂರನೆಯದು. ಲೆಕ್ಕದಲ್ಲಿ ಮಾತ್ರ ನಾಲ್ಕನೆಯದೇ.

ನಾವೇ ಬದಲಿಸದಿದ್ದರೆ ಪ್ರತಿ ಸ್ಲಾಟಿಗೆ ಡಿಜಿಟಲ್ (ಬರೀ ಆನ್-ಆಫ್ ಸಿಗ್ನಲ್) ವಿಳಾಸ 4 ಬೈಟ್, ಅನಲಾಗ್ (ಏರಿಳಿಯುವ ಸಿಗ್ನಲ್) ವಿಳಾಸ 16 ಬೈಟ್ ಸಿಗುತ್ತದೆ. ಸ್ಲಾಟ್ 4ರ ಡಿಜಿಟಲ್ 0ಯಿಂದ, ಸ್ಲಾಟ್ 5ರದ್ದು 4ರಿಂದ, ಸ್ಲಾಟ್ 6ರದ್ದು 8ರಿಂದ. ಅನಲಾಗ್ ಆದರೆ ಸ್ಲಾಟ್ 4ಕ್ಕೆ 256, ಸ್ಲಾಟ್ 5ಕ್ಕೆ 272, ಹೀಗೆ. ಒಂದು ಬೈಟಿಗೆ 8 ಪಾಯಿಂಟ್ (ಸಿಗ್ನಲ್), ಹಾಗಾಗಿ 16 ಪಾಯಿಂಟಿನ ಕಾರ್ಡ್ 2 ಬೈಟ್ ಮಾತ್ರ ಬಳಸುತ್ತದೆ. ಉಳಿದ 2 ಬೈಟ್ ಖಾಲಿ ಸೈಟಿನಂತೆ ಹಾಗೇ ಬಿದ್ದಿರುತ್ತದೆ.

ನಮ್ಮ ಕಡೆಯ ರೈಸ್ ಮಿಲ್ಲನ್ನೇ ಉದಾಹರಣೆಗೆ ತಗೊಳ್ಳಿ. ಭತ್ತದ ಡ್ರೈಯರ್, ಎಲಿವೇಟರ್ ಎಲ್ಲ ಸೇರಿ 10 ಮೋಟಾರ್ ಎಂದುಕೊಳ್ಳೋಣ. ಒಂದೊಂದಕ್ಕೂ ರನ್ (ಓಡುತ್ತಿದೆ) ಮತ್ತು ಟ್ರಿಪ್ (ತೊಂದರೆಯಾಗಿ ನಿಂತಿದೆ) ಸಿಗ್ನಲ್, ಒಟ್ಟು 20. ಬಿನ್ ಲೆವೆಲ್ ಸ್ವಿಚ್ 8. ಎಲಿವೇಟರ್ ಬೆಲ್ಟ್ ನಿಂತಿತಾ ಎಂದು ನೋಡುವ ಸ್ಪೀಡ್ ಸೆನ್ಸರ್ 6. ಬಟನ್ 4. ಅಲ್ಲಿಗೆ 38. ಇದರ ಮೇಲೆ ಶೇ 20 ಜಾಸ್ತಿ ಇಟ್ಟುಕೊಳ್ಳುವುದು ವಾಡಿಕೆ. 45.6 ಬಂತು, ಹಾಗಾಗಿ 16ರ ಮೂರು ಕಾರ್ಡ್. ಔಟ್‌ಪುಟ್: ಮೋಟಾರ್ 10, ಗೇಟ್ 2, ಹೂಟರ್ 1. ಅದಕ್ಕೆ 16ರ ಒಂದು ಕಾರ್ಡ್.

ಅನಲಾಗ್‌ನಲ್ಲಿ ಸ್ವಲ್ಪ ನಿಧಾನಿಸಬೇಕು. ಡ್ರೈಯರ್‌ಗೆ ಟೆಂಪರೇಚರ್ ನೋಡುವ ಪಿಟಿ100 ನಾಲ್ಕು, ತೇವಾಂಶದ ಸಿಗ್ನಲ್ ಎರಡು. ಆರು ತಾನೇ, 8 ಚಾನೆಲ್ ಕಾರ್ಡ್ ಸಾಕು ಎನ್ನಿಸುತ್ತದೆ. ಸಾಕಾಗದೆಯೂ ಇರಬಹುದು. ಎಸ್7-300ರ ಸಾಮಾನ್ಯ 8 ಚಾನೆಲ್ ಅನಲಾಗ್ ಕಾರ್ಡಿನಲ್ಲಿ ಒಂದು ಪಿಟಿ100 ಎರಡು ಚಾನೆಲ್ ತಿನ್ನುತ್ತದೆ. ನಾಲ್ಕಕ್ಕೇ ಕಾರ್ಡ್ ಭರ್ತಿ! ಸೆನ್ಸರ್ ತಲೆಯಲ್ಲೇ ಟ್ರಾನ್ಸ್‌ಮಿಟರ್ ಕೂರಿಸಿ 4-20 ಮಿಲಿಆಂಪ್ ತಂದರೆ ಒಂದಕ್ಕೆ ಒಂದೇ ಚಾನೆಲ್ ಸಾಕು. ನನಗೆ ಇದೇ ಇಷ್ಟ. ವೈರ್ ಕಿತ್ತುಹೋದರೆ 4ಕ್ಕಿಂತ ಕೆಳಗೆ ಬಿದ್ದು ತಾನೇ ಹೇಳಿಬಿಡುತ್ತದೆ.

ಈಗ ಕೂರಿಸುವುದು. ಸ್ಲಾಟ್ 4, 5, 6 ಡಿಜಿಟಲ್ ಇನ್‌ಪುಟ್. ಸ್ಲಾಟ್ 7 ಔಟ್‌ಪುಟ್, ವಿಳಾಸ ಕ್ಯು (ಅಂದರೆ ಔಟ್‌ಪುಟ್) 12.0ರಿಂದ 13.7. ಸ್ಲಾಟ್ 8 ಅನಲಾಗ್, 320ರಿಂದ. ಔಟ್‌ಪುಟ್ ಪಕ್ಕದಲ್ಲೇ ಅನಲಾಗ್ ಇಟ್ಟರೆ ನಾಯ್ಸ್ (ಸಿಗ್ನಲ್ ಕೆಡಿಸುವ ವಿದ್ಯುತ್ ಗದ್ದಲ) ಬರಲ್ವಾ ಎಂದು ಕೇಳುವವರಿದ್ದಾರೆ. ಇಲ್ಲಿ ಔಟ್‌ಪುಟ್ ಕಾರ್ಡ್ 24 ವೋಲ್ಟ್ ಡಿಸಿ. ಮೋಟಾರ್ ಆನ್ ಮಾಡುವ ಕಾಂಟ್ಯಾಕ್ಟರ್ ಕಾಯಿಲ್‌ನ 230 ವೋಲ್ಟನ್ನು ರ‍್ಯಾಕ್ ತನಕ ಬಿಟ್ಟುಕೊಳ್ಳದೆ, ಬೇರೆ ರೇಲ್ ಮೇಲಿನ ರಿಲೇಗಳಲ್ಲೇ ನಿಲ್ಲಿಸಿದ್ದೇವೆ. ಕಾರ್ಡೇ 230 ವೋಲ್ಟಿನದಾದರೆ ನಾನು ಅದನ್ನು ಒಂದು ತುದಿಗೆ, ಅನಲಾಗನ್ನು ಇನ್ನೊಂದು ತುದಿಗೆ ಕಳಿಸುತ್ತೇನೆ. ಆದರೂ ನಾಯ್ಸ್ ಕಾರ್ಡಿನಿಂದ ಕಾರ್ಡಿಗೆ ಹಾರುವುದಕ್ಕಿಂತ ವೈರ್ ಡಕ್ಟಿನಲ್ಲಿ ಜೊತೆಯಾಗಿ ಬರುವುದೇ ಜಾಸ್ತಿ. ಪಿಟಿ100 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಒಂದು ಡಿಗ್ರಿಗೆ ಅರ್ಧ ಓಮ್ ಕೂಡ ಇಲ್ಲ. ಟ್ರಾನ್ಸ್‌ಮಿಟರ್ ಇಲ್ಲದೆ ನೇರ ತಂದ ಇಷ್ಟು ಸೂಕ್ಷ್ಮದ ವೈರನ್ನು ಮೋಟಾರ್ ಕೇಬಲ್ ಜೊತೆ ಒಂದೇ ಡಕ್ಟಿಗೆ ತುರುಕಿದರೆ ರ‍್ಯಾಕ್ ಎಷ್ಟು ಚೆಂದ ಜೋಡಿಸಿದರೂ ರೀಡಿಂಗ್ ಕುಣಿಯುತ್ತದೆ.

ಮುಂದಕ್ಕೆ ಬೇಕಾಗಬಹುದು ಎಂದು ನಡುವೆ ಒಂದು ಸ್ಲಾಟ್ ಖಾಲಿ ಬಿಡೋಣವೇ? ಎಸ್7-300ರಲ್ಲಿ ಆಗುವುದಿಲ್ಲ. ಬಸ್ ಎಂದರೆ ಕಾರ್ಡುಗಳ ನಡುವೆ ಸಿಗ್ನಲ್, ಕರೆಂಟ್ ಹರಿಯುವ ದಾರಿ. ಕಾರ್ಡಿನ ಬೆನ್ನಿಗಿರುವ ಬಸ್ ಕನೆಕ್ಟರ್‌ಗಳು ಒಂದರ ಕೈ ಇನ್ನೊಂದು ಹಿಡಿದ ಹಾಗೆ. ನಡುವೆ ಒಬ್ಬ ಕೈ ಬಿಟ್ಟರೆ ಆಚೆಯವರೆಲ್ಲ ಕಾಣೆ. ಜಾಗ ಕಾದಿಡಲೆಂದೇ ಡಿಎಂ 370 ಎಂಬ ಡಮ್ಮಿ ಮಾಡ್ಯೂಲ್ ಇದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ಕರೆಂಟ್ ಲೆಕ್ಕ ಚಿಕ್ಕದು. ಬಸ್‌ನಿಂದ 16 ಪಾಯಿಂಟಿನ ಇನ್‌ಪುಟ್ ಕಾರ್ಡ್ 10 ಮಿಲಿಆಂಪ್, ಔಟ್‌ಪುಟ್ 80, ಅನಲಾಗ್ 50 ಎಳೆಯುತ್ತದೆ. ನಮ್ಮದು ಒಟ್ಟು 160. ಮಿತಿ 1.2 ಆಂಪ್. ಚಿಂತೆ ಇಲ್ಲ.

ನಮ್ಮೂರಲ್ಲಿ ಚಿಂತೆ ಬಿಸಿಲಿನದು. ರ‍್ಯಾಕ್ ಅಡ್ಡ ಕೂರಿಸಿದರೆ 60 ಡಿಗ್ರಿ ತನಕ ನಡೆಯುತ್ತದೆ. ಜಾಗ ಉಳಿಸಲು ಉದ್ದಕ್ಕೆ ನಿಲ್ಲಿಸಿದರೆ ಮಿತಿ 40ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಡ್ರೈಯರ್ ಪಕ್ಕದ ಪ್ಯಾನೆಲ್ ಒಳಗೆ 40 ದಾಟುವುದೇನೂ ದೊಡ್ಡ ಮಾತಲ್ಲ. ಮೇಲೆ ಕೆಳಗೆ 40 ಮಿಲಿಮೀಟರ್, ಪಕ್ಕಕ್ಕೆ 20 ಮಿಲಿಮೀಟರ್ ಗಾಳಿಯಾಡಲು ಬಿಡಬೇಕು. ಆ ಜಾಗಕ್ಕೆ ಡಕ್ಟ್ ತಂದು ಒತ್ತುವವರೇ ಜಾಸ್ತಿ. ಫ್ಯಾನ್ ಹಾಕಿದರೆ ಫಿಲ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಹೊಟ್ಟಿನ ಧೂಳೆಲ್ಲ ಕಾರ್ಡಿನ ಸಂದಿಯಲ್ಲಿ.

ಬೇರೆ ಮಾದರಿಗಳಿಗೆ ಇದೇ ಲೆಕ್ಕ ಹಚ್ಚಬೇಡಿ. ಎಸ್7-1200ರಲ್ಲಿ ಕಮ್ಯುನಿಕೇಶನ್ ಮಾಡ್ಯೂಲ್‌ಗಳು ಸಿಪಿಯುವಿನ ಎಡಕ್ಕೆ, ಸಿಗ್ನಲ್ ಕಾರ್ಡುಗಳು ಬಲಕ್ಕೆ. ಅಲೆನ್ ಬ್ರಾಡ್ಲಿ ಎಸ್‌ಎಲ್‌ಸಿ 500ರಲ್ಲಿ ಬಸ್ ಇರುವುದು ಚಾಸಿಸ್‌ನ ಬೆನ್ನಲ್ಲೇ, ಆದ್ದರಿಂದ ನಡುವೆ ಖಾಲಿ ಬಿಡಬಹುದು. ಅಲ್ಲಿ ಎಣಿಕೆ ಶುರುವಾಗುವುದು 0ಯಿಂದ, ಆ 0 ಸಿಪಿಯುವಿನದು. ಪವರ್ ಸಪ್ಲೈಗೆ ಅಲ್ಲಿ ಸ್ಲಾಟ್ ನಂಬರೇ ಇಲ್ಲ.