ಇಲಿಯ ಮಲೇರಿಯಾ ನಮ್ಮ ಮಲೇರಿಯಾ ಅಲ್ಲ

‘ಇಲಿಗಳಲ್ಲಿ ಮಲೇರಿಯಾ ಗುಣ’ ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಕೆಲವರು ಅದನ್ನು ಓದಿ, ಇನ್ನೇನು ನಮಗೂ ಔಷಧ ಬಂತು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಇಲಿಗೂ ನಮಗೂ ಏನು ಸಂಬಂಧ, ಸುಮ್ನೆ ದುಡ್ಡು ದಂಡ’ ಎಂದು ಮೂಗು ಮುರಿಯುತ್ತಾರೆ. ಇಬ್ಬರೂ ಮರೆಯುವ ಸಂಗತಿ ಒಂದಿದೆ. ನಮ್ಮನ್ನು ಕಾಡುವ ಫಾಲ್ಸಿಪಾರಂ, ವೈವಾಕ್ಸ್ ರೋಗಾಣುಗಳು ಸಾಮಾನ್ಯ ಇಲಿಯ ಮೈಯಲ್ಲಿ ಬದುಕುವುದೇ ಇಲ್ಲ. ಲ್ಯಾಬಿನ ಇಲಿಗೆ ಹಚ್ಚುವುದು ಬೇರೆಯದೇ ರೋಗಾಣು. ಅದು ನಮಗೆ ಅಂಟುವುದಿಲ್ಲ.

ಅದು ಸಿಕ್ಕಿದ್ದು ತಲೆಕೆಳಗಾದ ದಾರಿಯಲ್ಲಿ. 1940ರ ದಶಕದಲ್ಲಿ ಇನ್ಯಾಸ್ ವಿಂಕೆ ಎಂಬ ವೈದ್ಯರು ಬೆಲ್ಜಿಯನ್ ಕಾಂಗೋದ ಕಟಾಂಗಾದಲ್ಲಿ ಸೊಳ್ಳೆಗಳನ್ನು ಹಿಡಿದು ಸೀಳಿ ನೋಡುತ್ತಿದ್ದರು. ಹೊಳೆದಂಡೆಯ ಕಾಡಿನ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಮಲೇರಿಯಾ ರೋಗಾಣು ಕಂಡಿತು. ಯಾವ ಪ್ರಾಣಿಯಿಂದ ಬಂದದ್ದು ಇದು? ಸೊಳ್ಳೆಯ ಹೊಟ್ಟೆಯಲ್ಲಿದ್ದ ರಕ್ತ ಕಾಡಿನ ಸಣ್ಣ ಪ್ರಾಣಿಗಳ ಕಡೆಗೆ ಬೆರಳು ತೋರಿಸಿತು. 1948ರಲ್ಲಿ ವಿಂಕೆ ಮತ್ತು ಮಾರ್ಸೆಲ್ ಲಿಪ್ಸ್ ಪೊದೆಗಳಲ್ಲಿ ವಾಸಿಸುವ ಕಾಡಿಲಿಯ ರಕ್ತದಲ್ಲಿ ಅದನ್ನು ಹಿಡಿದರು. ಪ್ಲಾಸ್ಮೋಡಿಯಂ ಬರ್ಗೈ ಎಂದು ಹೆಸರಿಟ್ಟರು. ಆ ಕಾಡಿಲಿ ಇದರ ಜೊತೆ ಬಹುಕಾಲ ಬಾಳುತ್ತದೆ. ಲ್ಯಾಬಿನ ಇಲಿಗಾದರೋ ಇದು ಗುರುತು ಪರಿಚಯವಿಲ್ಲದೆ ಮನೆಗೆ ನುಗ್ಗಿದ ನೆಂಟ. ಹೆಚ್ಚಿನ ತಳಿಗಳು ಸಾಯುತ್ತವೆ.

ರೋಗಾಣು ಸಿಕ್ಕಿತು, ಇಲಿಯಿಂದ ಇಲಿಗೆ ಸೂಜಿಯಲ್ಲಿ ದಾಟಿಸುವುದೂ ಸುಲಭವಾಯಿತು. ಆದರೆ ಲ್ಯಾಬಿನಲ್ಲಿ ಸೊಳ್ಳೆಯ ಮೂಲಕ ದಾಟಿಸಲು ಹೋದರೆ ವರ್ಷಗಟ್ಟಲೆ ಕೈಕೊಟ್ಟಿತು. ತಪ್ಪು ಬಿಸಿಯಲ್ಲಿತ್ತು. ಮನುಷ್ಯರ ಮಲೇರಿಯಾಕ್ಕೆ ಹಿತವಾಗುವಂತೆ ಸೊಳ್ಳೆಗಳನ್ನು ಬೆಚ್ಚಗೆ ಇಟ್ಟಿದ್ದರು. ಕಟಾಂಗಾದ ಎತ್ತರದ ಕಾಡು ತಂಪು. 1960ರ ದಶಕದಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಮೆಯಿರ್ ಯೋಯೆಲಿ ಸೊಳ್ಳೆಗಳನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು ನೋಡಿದರು. ರೋಗಾಣು ಜೊಲ್ಲುಗ್ರಂಥಿಯವರೆಗೂ ಬೆಳೆದು ಬಂತು. ಇಲಿಗಳ ಇನ್ನೊಂದು ಮಲೇರಿಯಾ ರೋಗಾಣುವಿಗೆ ಇವರದೇ ಹೆಸರಿದೆ, ಪ್ಲಾಸ್ಮೋಡಿಯಂ ಯೋಯೆಲೈ.

ಬಿಸಿಯ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಈ ವಿಷಯದಲ್ಲಿ ನನಗೆ ತುಂಬ ಇಷ್ಟದ ಭಾಗ ಇದೇ, ಸ್ವಲ್ಪ ಜಾಸ್ತಿ ಹೇಳಿಬಿಡುತ್ತೇನೆ. ರಕ್ತದಲ್ಲಿ ಕೆಲವು ರೋಗಾಣುಗಳು ಗಂಡು, ಹೆಣ್ಣು ಆಗಿ ಬೆಳೆದು ಸುಮ್ಮನೆ ಕಾಯುತ್ತಿರುತ್ತವೆ. ಸೊಳ್ಳೆ ರಕ್ತ ಹೀರಿತು ಅನ್ನುವುದು ಅವಕ್ಕೆ ತಿಳಿಯುವುದು ಹೇಗೆ? ಬಿಸಿ ಮೈಯಿಂದ ತಂಪಾದ ಹೊಟ್ಟೆಗೆ ಬಿದ್ದಾಗ ಉಷ್ಣತೆ ಥಟ್ಟನೆ ಇಳಿಯುತ್ತದೆ. ಜೊತೆಗೆ ಸೊಳ್ಳೆಯ ಹೊಟ್ಟೆಯಲ್ಲಿರುವ ಕ್ಸಾಂಥುರೆನಿಕ್ ಆಮ್ಲ ತಾಗುತ್ತದೆ. ಎರಡೂ ಸೇರಿದರೆ ಗಂಡು ಕೋಶ ಎಚ್ಚರಗೊಳ್ಳುತ್ತದೆ. ತನ್ನ ಡಿಎನ್‌ಎಯನ್ನು ಮೂರು ಸಲ ಇಮ್ಮಡಿ ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ. ಕಾಲು ಗಂಟೆಯ ಹೊತ್ತಿಗೆ ಬಾಲದಂಥ ಎಂಟು ಗಂಡು ಕಣಗಳು ಕೆಂಪು ರಕ್ತಕಣವನ್ನು ಒಡೆದುಕೊಂಡು ಚಾಟಿಯಂತೆ ಬೀಸುತ್ತ ಹೊರಬರುತ್ತವೆ. ನಮ್ಮ ಕೋಶ ಡಿಎನ್‌ಎಯನ್ನು ಒಂದೇ ಒಂದು ಸಲ ನಕಲು ಮಾಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ! ಸೋಂಕು ತಗುಲಿದ ಇಲಿಯ ಒಂದು ಹನಿ ರಕ್ತವನ್ನು ಈ ಆಮ್ಲವಿರುವ ತಂಪು ದ್ರಾವಣಕ್ಕೆ ಬೆರೆಸಿದರೆ ಸೂಕ್ಷ್ಮದರ್ಶಕದಡಿ ಇದೆಲ್ಲ ಕಾಣುತ್ತದೆ. ಸೊಳ್ಳೆಯೊಳಗೆ ರೋಗಾಣುವಿನ ಬೆಳವಣಿಗೆ ತಡೆಯುವ ಔಷಧ ಹುಡುಕುವವರಿಗೆ ಇದು ದಿನನಿತ್ಯದ ಪರೀಕ್ಷೆ.

ಔಷಧದಲ್ಲೂ ಬಿಸಿ ಆಟ ಆಡಿದೆ. ಚೀನಾದ ವಿಜ್ಞಾನಿ ತು ಯೊಯೊ ಅವರ ತಂಡ ಚಿಂಗ್‌ಹಾವ್ ಗಿಡದ ಸಾರವನ್ನು ಇಲಿಗಳಿಗೆ ಕೊಟ್ಟಾಗ ಮೊದಮೊದಲು ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿರಿ ಎಂದು ಹಳೆಯ ಗ್ರಂಥವೊಂದರಲ್ಲಿತ್ತು, ಕುದಿಸಿರಿ ಎಂದಿರಲಿಲ್ಲ. ಬಿಸಿಯೇ ಸಾರವನ್ನು ಕೆಡಿಸುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಕಡಿಮೆ ಬಿಸಿಯಲ್ಲೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ತೆಗೆದ ಸಾರ 1971ರ ಅಕ್ಟೋಬರ್‌ನಲ್ಲಿ ಬರ್ಗೈ ತಗುಲಿದ ಇಲಿಗಳ ರಕ್ತವನ್ನು ಪೂರ್ತಿ ಸ್ವಚ್ಛ ಮಾಡಿತು. ಆ ಸಾರದಲ್ಲಿದ್ದ ಔಷಧವೇ ಆರ್ಟೆಮಿಸಿನಿನ್, ಅದಕ್ಕೇ 2015ರ ನೊಬೆಲ್. ಇದನ್ನೇ ಹಿಡಿದುಕೊಂಡು ‘ಹಳೆಯದರಲ್ಲಿ ಎಲ್ಲ ಇದೆ, ಗಿಡ ಕುದಿಸಿ ಕುಡಿಯಿರಿ’ ಅನ್ನುವವರಿದ್ದಾರೆ. ಕುದಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಅಲ್ವಾ? ಗ್ರಂಥ ಕೊಟ್ಟಿದ್ದು ಸುಳಿವು. ಯಾವ ಸಾರ ನಿಜ, ಯಾವುದು ಸುಳ್ಳು ಎಂದು ಬೇರ್ಪಡಿಸಿದ್ದು ಇಲಿ.

ಲಸಿಕೆಯ ಬೇರೂ ಇಲ್ಲೇ ಇದೆ. 1967ರಲ್ಲಿ ವಿಜ್ಞಾನಿ ರೂತ್ ನುಸೆನ್ಜ್‌ವೈಗ್ ಸೊಳ್ಳೆಯಿಂದ ತೆಗೆದ ಬರ್ಗೈ ರೋಗಾಣುಗಳನ್ನು ಎಕ್ಸ್-ರೇ ಹಾಯಿಸಿ ದುರ್ಬಲ ಮಾಡಿ ಇಲಿಗಳಿಗೆ ಚುಚ್ಚಿದರು. ಆಮೇಲೆ ನಿಜವಾದ ಸೋಂಕು ಹಚ್ಚಿದಾಗ ಬಹಳಷ್ಟು ಇಲಿಗಳಿಗೆ ರೋಗ ಬರಲಿಲ್ಲ. ರೋಗಾಣುವಿನ ಮೈಮೇಲಿನ ಯಾವ ಪ್ರೋಟೀನನ್ನು ದೇಹ ಗುರುತು ಹಿಡಿಯುತ್ತದೆ ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಕ್ಕಳಿಗೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆಯಲ್ಲಿ ಇರುವುದು ಫಾಲ್ಸಿಪಾರಂನ ಅಂಥದೇ ಪ್ರೋಟೀನಿನ ತುಂಡು.

ಇಷ್ಟಾದರೂ ಇಲಿಯನ್ನು ಎಲ್ಲ ಕಡೆ ನಂಬುವ ಹಾಗಿಲ್ಲ. ಮಿದುಳಿಗೆ ಏರುವ ಮಲೇರಿಯಾವನ್ನೇ ನೋಡಿ. ಮನುಷ್ಯರಲ್ಲಿ ಸೋಂಕು ತಗುಲಿದ ರಕ್ತಕಣಗಳು ಮಿದುಳಿನ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ದಾರಿ ಕಟ್ಟುತ್ತವೆ. ಕೆಲವು ತಳಿಯ ಇಲಿಗಳಲ್ಲಿ ಅನಾಹುತದ ದೊಡ್ಡ ಪಾಲು ಅವುಗಳದೇ ರಕ್ಷಣಾ ಕೋಶಗಳದ್ದು. ಹೊರಗಿನಿಂದ ಲಕ್ಷಣ ಒಂದೇ ಥರ ಕಂಡರೂ ಒಳಗಿನ ಜಗಳ ಬೇರೆ. ಇಲಿಯಲ್ಲಿ ಗೆದ್ದ ಚಿಕಿತ್ಸೆ ಆಸ್ಪತ್ರೆಯಲ್ಲಿ ಸೋತರೆ ಆಶ್ಚರ್ಯವೇನಿಲ್ಲ.

ವೈವಾಕ್ಸ್ ವಿಷಯಕ್ಕೆ ಬಂದರೆ ಇಲಿ ಬಾಯೇ ಬಿಡುವುದಿಲ್ಲ. ವೈವಾಕ್ಸ್ ಲಿವರಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುತ್ತದೆ. ಇಲಿಗಳ ರೋಗಾಣುಗಳಿಗೆ ಈ ವಿದ್ಯೆ ಬರುವುದಿಲ್ಲ. ಬರ್ಗೈ ಎರಡೇ ದಿನದಲ್ಲಿ ಲಿವರ್ ಬಿಟ್ಟು ರಕ್ತಕ್ಕೆ ಬರುತ್ತದೆ. ಹಾಗಾಗಿ ವಿಜ್ಞಾನಿಗಳು ಈಗ ಇಲಿಯನ್ನೇ ಬದಲಿಸುತ್ತಿದ್ದಾರೆ. ಅದರ ಲಿವರಿನ ಕೋಶಗಳು ಸಾಯುವಂತೆ ಮಾಡಿ, ಆ ಜಾಗದಲ್ಲಿ ಮನುಷ್ಯರ ಲಿವರ್ ಕೋಶಗಳನ್ನು ಬೆಳೆಸುತ್ತಾರೆ. ಅಂಥ ಇಲಿಗೆ ವೈವಾಕ್ಸ್ ಹಚ್ಚಿದರೆ ರೋಗಾಣು ಅಲ್ಲಿ ಇಳಿಯುತ್ತದೆ, ಮಲಗುತ್ತದೆ. ಮಲಗಿದ್ದನ್ನು ಕೊಲ್ಲಬಲ್ಲ ಔಷಧಗಳನ್ನು ಈ ಇಲಿಗಳಲ್ಲಿ ಪರೀಕ್ಷಿಸಬಹುದು.