ಪೂಜೆಯಾದ ತಿರುವು, ಕ್ಯಾಮೆರಾ ಬಂದ ತಿರುವು

ಹಾಸನ ಜಿಲ್ಲೆಯಲ್ಲಿ ಓಡಾಡುವವರಿಗೆ ಇಂಥ ತಿರುವು ಹೊಸದಲ್ಲ. ಮೈಲಿಗಲ್ಲಿಗೆ ಬಳಿದ ಕುಂಕುಮ, ಬುಡದಲ್ಲಿ ಕೊಯ್ದ ನಿಂಬೆಹಣ್ಣು, ಒಡೆದ ಬೂದುಗುಂಬಳದ ಒಣಗಿದ ಚೂರು. ವಿಚಾರಿಸಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಕತೆ. ಒಂದೇ ವರ್ಷದಲ್ಲಿ ಅಲ್ಲಿ ನಾಲ್ಕೈದು ಆಕ್ಸಿಡೆಂಟ್ ಆದವು. ಊರವರು ಸೇರಿ ಶಾಂತಿ ಮಾಡಿಸಿದರು. ಮರುವರ್ಷ ಒಂದೂ ಆಗಲಿಲ್ಲ. "ಪೂಜೆ ಆದ್ಮೇಲೆ ನಿಂತೋಯ್ತು ನೋಡಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆಕ್ಸಿಡೆಂಟ್ ಕಡಿಮೆಯಾದದ್ದು ನಿಜವೇ ಇರಬಹುದು. ಕಾರಣ ಮಾತ್ರ ಪೂಜೆಯಲ್ಲ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿಗೆ ನನ್ನದೊಂದು ಪ್ರಶ್ನೆ. ಅದೇ ತಿರುವಿನಲ್ಲಿ ಪೂಜೆಯ ಬದಲು ಸ್ಪೀಡ್ ಕ್ಯಾಮೆರಾ ಹಾಕಿದ್ದರೆ, ಮರುವರ್ಷದ ಇಳಿಕೆಯನ್ನು ಕ್ಯಾಮೆರಾದ ಲೆಕ್ಕಕ್ಕೇ ಬರೆಯುತ್ತಿದ್ದಿರಿ, ಅಲ್ವಾ? ಮೊದಲು ಇಷ್ಟಿತ್ತು, ಆಮೇಲೆ ಇಷ್ಟಾಯಿತು, ಆದ್ದರಿಂದ ಇದರಿಂದಲೇ ಆಯಿತು. ಎರಡೂ ಕಡೆ ತರ್ಕ ಒಂದೇ. ವೇಗಕ್ಕೆ ಕಡಿವಾಣ ಹಾಕಿದರೆ ಜೀವ ಉಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಕೊಡುವ ಪುರಾವೆ ಬಹಳ ಸಲ ಟೊಳ್ಳು. ಟೊಳ್ಳು ಪುರಾವೆಯಿಂದ ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು ಬರುತ್ತದೆ.

ಚೌಕಾಬಾರ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ನಾಲ್ಕು ಕವಡೆ ಹಾಕಿದರೆ ಸಾಮಾನ್ಯವಾಗಿ ಒಂದೋ ಎರಡೋ ಮೂರೋ ಬೀಳುತ್ತದೆ. ಎಂಟು ಬೀಳುವುದು ಅಪರೂಪ. ಎಂಟು ಬಿದ್ದವರನ್ನು ಮಾತ್ರ ಎಬ್ಬಿಸಿ ಬೇರೆ ಜಾಗದಲ್ಲಿ ಕೂರಿಸಿ ನೋಡಿ. ಮುಂದಿನ ಸಲ ಅವರಲ್ಲಿ ಹೆಚ್ಚಿನವರಿಗೆ ಕಡಿಮೆ ಬೀಳುತ್ತದೆ. ಜಾಗ ಬದಲಾಯಿಸಿದ್ದಕ್ಕಾ? ಸುಮ್ನೆ ಅಲ್ಲೇ ಕೂತಿದ್ದರೂ ಕಡಿಮೆಯೇ ಬೀಳುತ್ತಿತ್ತು. ನಾವು ಆರಿಸಿದ್ದೇ ಅಪರೂಪದ ಗರ ಬಿದ್ದವರನ್ನು.

ರಸ್ತೆಯಲ್ಲೂ ಆಗುವುದು ಇದೇ. ನಮ್ಮಲ್ಲಿ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದೊಳಗೆ 3 ವರ್ಷದಲ್ಲಿ 5 ದೊಡ್ಡ ಅಪಘಾತ ಆದರೆ, ಇಲ್ಲವೇ 10 ಜನ ಸತ್ತರೆ, ಆ ಜಾಗ ಬ್ಲ್ಯಾಕ್ ಸ್ಪಾಟ್. ಅಂದರೆ ಕೆಟ್ಟ ಗಳಿಗೆ ನೋಡಿಯೇ ಜಾಗ ಆರಿಸುತ್ತೇವೆ. ಕೆಲವು ತಿರುವುಗಳು ನಿಜಕ್ಕೂ ಅಪಾಯಕಾರಿ. ಇನ್ನು ಕೆಲವಕ್ಕೆ ಆ ವರ್ಷಗಳಲ್ಲಿ ಗ್ರಹಚಾರ ಕೆಟ್ಟಿತ್ತು, ಅಷ್ಟೇ. ಎರಡನೆಯ ಬಗೆಯ ತಿರುವಿನಲ್ಲಿ ಏನು ಮಾಡಿದರೂ, ಏನೂ ಮಾಡದಿದ್ದರೂ, ಮುಂದೆ ಸಂಖ್ಯೆ ಇಳಿಯುತ್ತದೆ.

ಇದನ್ನು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಅವನಿಗೆ ರಸ್ತೆಯ ಚಿಂತೆ ಇರಲಿಲ್ಲ. ಬಟಾಣಿ ಜಾತಿಯ ಗಿಡದ ಬೀಜ ತೂಗುತ್ತಿದ್ದ, ಅಪ್ಪ ಅಮ್ಮ ಮಕ್ಕಳ ಎತ್ತರ ಅಳೆಯುತ್ತಿದ್ದ. ತುಂಬಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸಾಮಾನ್ಯವಾಗಿ ಅವರಷ್ಟಲ್ಲ, ಸ್ವಲ್ಪ ಸರಾಸರಿಯ ಕಡೆ ಜಾರುತ್ತಾರೆ ಎಂದು 1886ರಲ್ಲಿ ಪ್ರಕಟಿಸಿದ. ಸರಾಸರಿಗೆ ಮರಳುವುದು ಎನ್ನುವ ಈ ಗುಣ ಆಸ್ಪತ್ರೆ, ಪರೀಕ್ಷೆ, ಕ್ರಿಕೆಟ್, ಎಲ್ಲೆಲ್ಲೂ ಇದೆ. ಜ್ವರ ಏರಿದಾಗಲೇ ತಾಯತ ಕಟ್ಟಿಸುತ್ತೇವೆ. ಇಳಿಯುವ ಜ್ವರ ಇಳಿಯುತ್ತದೆ, ತಾಯತಕ್ಕೆ ಹೆಸರು ಬರುತ್ತದೆ.

ಬ್ರಿಟನ್ನಿನ ಕ್ಯಾಮೆರಾಗಳಿಗೂ ಹೀಗೇ ಹೆಸರು ಬಂತು. 2005ರಲ್ಲಿ ಅಲ್ಲಿ ನಾಲ್ಕು ವರ್ಷದ ಅಧ್ಯಯನವೊಂದು ಹೊರಬಂತು. ಕ್ಯಾಮೆರಾ ಇದ್ದ ಜಾಗಗಳಲ್ಲಿ ಸತ್ತವರು, ತೀವ್ರ ಗಾಯಗೊಂಡವರು ಶೇ 42ರಷ್ಟು ಕಡಿಮೆಯಾಗಿದ್ದರು. ಆದರೆ ಅದೇ ವರದಿಯ ಅನುಬಂಧದಲ್ಲಿ, ನಗರದ ಒಂದಷ್ಟು ಜಾಗಗಳನ್ನು ತೆಗೆದುಕೊಂಡು, ಸರಾಸರಿಗೆ ಮರಳಿದ ಪಾಲನ್ನು ಕಳೆದು ಲೆಕ್ಕ ಹಾಕಿದ್ದರು. ಇಳಿಕೆಯ ದೊಡ್ಡ ಭಾಗ ಅದಕ್ಕೇ ಹೋಯಿತು. ಕ್ಯಾಮೆರಾಕ್ಕೆ ಉಳಿದದ್ದು ಚಿಕ್ಕ ಪಾಲು. ಚಿಕ್ಕದಾದರೂ ಸೊನ್ನೆಯಲ್ಲ.

ಸೊನ್ನೆ ಯಾಕಲ್ಲ? ಇಲ್ಲಿ ಅಂಕಿಅಂಶ ಬಿಟ್ಟು ಬ್ರೇಕಿಗೆ ಬರೋಣ. ಇಡೀ ವಿಷಯದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಈ ಲೆಕ್ಕವೇ.

ಚನ್ನರಾಯಪಟ್ಟಣದ ಕಡೆಯಿಂದ ಎರಡು ಕಾರು ಅಕ್ಕಪಕ್ಕ ಬರುತ್ತಿವೆ ಎಂದಿಟ್ಟುಕೊಳ್ಳಿ. ಒಂದು 60ರಲ್ಲಿ, ಇನ್ನೊಂದು 80ರಲ್ಲಿ. ಒಣ ಡಾಂಬರು, ಒಳ್ಳೆ ಬ್ರೇಕು. ಮುಂದೆ ಒಂದು ಹಸು ಅಡ್ಡ ಬಂತು. ಇಬ್ಬರೂ ಒಂದೇ ಕ್ಷಣ ನೋಡಿದರು, ಇಬ್ಬರಿಗೂ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತು. ಆ ಒಂದು ಸೆಕೆಂಡಿನಲ್ಲೇ ಮೊದಲ ಕಾರು ಸುಮಾರು 17 ಮೀಟರ್ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 20 ಮೀಟರ್. ಒಟ್ಟು 37 ಮೀಟರಿಗೆ ನಿಂತಿತು. ಹಸು ಅಲ್ಲಿಂದ ಒಂದು ಹೆಜ್ಜೆ ಮುಂದಿದ್ದರೆ ಬಚಾವ್.

ಎರಡನೆಯ ಕಾರು ಅದೇ ಜಾಗಕ್ಕೆ ಬಂದಾಗ ಎಷ್ಟು ವೇಗದಲ್ಲಿರುತ್ತದೆ? 20ರಲ್ಲಿ ಎಂದು ಹೇಳಬೇಕೆನಿಸುತ್ತದೆ, ಯಾಕೆಂದರೆ ವ್ಯತ್ಯಾಸ ಇದ್ದದ್ದೇ 20. ನಿಜವಾದ ಉತ್ತರ ಹೆಚ್ಚುಕಡಿಮೆ 60. ಅದು ಬ್ರೇಕ್ ಹಿಡಿಯುವ ಮೊದಲೇ 22 ಮೀಟರ್ ಹೋಗಿತ್ತು. ಬ್ರೇಕಿಗೆ ಸಿಕ್ಕಿದ್ದು ಸುಮಾರು 15 ಮೀಟರ್ ಮಾತ್ರ. ಮೇಲಾಗಿ ಚಲನೆಯ ಶಕ್ತಿ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದು ಪಾಲು ಏರಿತು, ಶಕ್ತಿ ಮಾತ್ರ ಮುಕ್ಕಾಲಿಗಿಂತ ಜಾಸ್ತಿ ಏರಿತು. ಆ ಶಕ್ತಿಯನ್ನೆಲ್ಲ ಬ್ರೇಕು ಬಿಸಿಯಾಗಿಯೇ ಕಳೆಯಬೇಕು. ಅಷ್ಟು ಜಾಗ ಅದಕ್ಕೆ ಸಿಗಲಿಲ್ಲ. ಒಂದು ಕಾರು ಪೂರ್ತಿ ನಿಂತ ಗೆರೆಯ ಮೇಲೆ, ಇನ್ನೊಂದು ಕಾರು 60ರ ವೇಗದಲ್ಲಿ ಗುದ್ದುತ್ತದೆ. ಡ್ರೈವಿಂಗ್ ಲೈಸೆನ್ಸ್ ಕೊಡುವ ಮೊದಲು ಇದೊಂದು ಲೆಕ್ಕವನ್ನು ಎಲ್ಲರ ಕೈಯಲ್ಲೂ ಮಾಡಿಸಬೇಕು ಎಂಬುದು ನನ್ನ ಆಸೆ. ಸಕಲೇಶಪುರ, ಮೂಡಿಗೆರೆಯ ಕಡೆ ಮಳೆಗಾಲದ ಒದ್ದೆ ರಸ್ತೆಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿರುತ್ತದೆ.

ಸ್ವೀಡನ್ನಿನ ರಸ್ತೆ ಸುರಕ್ಷತೆಯ ಸಂಶೋಧಕ ಯೋರಾನ್ ನಿಲ್ಸನ್ ಅಲ್ಲಿ ವೇಗದ ಮಿತಿ ಬದಲಾದಾಗಲೆಲ್ಲ ಏನಾಯಿತೆಂದು ನೋಡಿ ಒಂದು ಅಂದಾಜು ಸೂತ್ರ ಕೊಟ್ಟರು. ಒಂದು ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಇಳಿದರೆ ಜೀವ ಹೋಗುವ ಅಪಘಾತ ಸುಮಾರು ಶೇ 4ರಷ್ಟು ಇಳಿಯುತ್ತದೆ. ಸರಾಸರಿ 60 ಇದ್ದದ್ದು 57ಕ್ಕೆ ಬಂದರೆ, ಅಂಥ ಅಪಘಾತಗಳಲ್ಲಿ ಐದಕ್ಕೆ ಒಂದು ತಪ್ಪಿದಂತೆ. ಬರೀ ಮೂರು ಕಿಲೋಮೀಟರ್! 2010ರಲ್ಲಿ, ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕ್ಯಾಮೆರಾ ಆಸುಪಾಸಿನಲ್ಲಿ ಸಾವು ಮತ್ತು ತೀವ್ರ ಗಾಯದ ಅಪಘಾತ ಶೇ 11ರಿಂದ 44ರವರೆಗೆ ಕಡಿಮೆಯಾಗಿದ್ದವು. ಅಂತರ ಇಷ್ಟು ದೊಡ್ಡದಿದ್ದರೂ ದಿಕ್ಕು ಮಾತ್ರ ಒಂದೇ.

ಈಗ 'ಆಸುಪಾಸು' ಎಂಬುದನ್ನು ನೋಡಿ. ಹಾಸನದ ಹೊರವಲಯದಲ್ಲಿ ಮರದ ನೆರಳಲ್ಲಿ ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ಜೀಪು ನಿಂತಿದ್ದರೆ ಏನಾಗುತ್ತದೆ? ಎದುರಿಂದ ಬರುವ ಲಾರಿ ಎರಡು ಸಲ ಡಿಪ್ಪರ್ ಹೊಡೆಯುತ್ತದೆ. ನಮ್ಮ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಜೀಪು ದಾಟಿ ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಮೊದಲಿನ ವೇಗ. ಡಿಪ್ಪರ್ ಹೊಡೆಯುವುದನ್ನು ನಾವು ಉಪಕಾರ ಅಂದುಕೊಂಡಿದ್ದೇವೆ. ಉಳಿಯುವುದು ದಂಡದ ದುಡ್ಡು ಮಾತ್ರ.

ಸ್ಪೀಡ್ ಕ್ಯಾಮೆರಾದ ಮೂಲಪುರುಷ ಮೌರಿಸ್ ಗಾಟ್ಸೊನಿಡೆಸ್ ಪೊಲೀಸನಲ್ಲ, ಕಾರ್ ರೇಸಿನವನು. ಈ ಡಚ್ ಚಾಲಕ 1953ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿದ್ದ. ತಿರುವಿನಲ್ಲಿ ತನ್ನ ಕಾರು ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆದು, ಇನ್ನೂ ವೇಗವಾಗಿ ಹೋಗಲು ಆ ಯಂತ್ರ ಮಾಡಿಕೊಂಡ. ರಸ್ತೆಗೆ ಅಡ್ಡ ಎರಡು ರಬ್ಬರ್ ಕೊಳವೆ, ಎರಡರ ನಡುವಿನ ಸಮಯ, ಅಷ್ಟೇ ತತ್ವ.

ಆ ಎರಡು ಕೊಳವೆಯನ್ನು ಹಲವು ಕಿಲೋಮೀಟರ್ ದೂರ ದೂರ ಇಟ್ಟರೆ ಡಿಪ್ಪರ್ ಆಟ ನಡೆಯುವುದಿಲ್ಲ. ಹಾಸನದಲ್ಲಿ ಒಂದು ಕ್ಯಾಮೆರಾ, ಬೇಲೂರಿನಲ್ಲಿ ಇನ್ನೊಂದು. ನಡುವೆ ಸುಮಾರು 40 ಕಿಲೋಮೀಟರ್. ಮಿತಿ 60 ಎಂದಾದರೆ 40 ನಿಮಿಷ ಹಿಡಿಯಲೇಬೇಕು. ಅರ್ಧ ಗಂಟೆಗೆ ತಲುಪಿದ ಕಾರು ಸರಾಸರಿ 80ರಲ್ಲಿ ಬಂದಿದೆ, ಬೇರೆ ಸಾಕ್ಷಿ ಬೇಕಿಲ್ಲ. ಇಟಲಿಯ ಹೆದ್ದಾರಿಗಳಲ್ಲಿ 2005ರಿಂದ ಇಂಥ ವ್ಯವಸ್ಥೆ ಇದೆ. ನಮ್ಮ ರಸ್ತೆಗಳಿಗೂ ಬೇಕಾದದ್ದು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಜೊತೆಗೆ ಲೆಕ್ಕವೂ ಸರಿಯಿರಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಸುಮಾರು ಶೇ 71ಕ್ಕೆ ಅತಿವೇಗವೇ ಕಾರಣ ಎಂದು ಸರ್ಕಾರಿ ವರದಿ ಹೇಳುತ್ತದೆ. ಆದರೆ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂಬ ಸಾಲು ಎಫ್ಐಆರ್‌ಗಳಲ್ಲಿ ಎಷ್ಟು ಮಾಮೂಲಿ ಎಂದು ಪೇಪರ್ ಓದುವವರಿಗೆಲ್ಲ ಗೊತ್ತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಜುಲೈನಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಆಮೇಲೆ ಸಾವು ಇಳಿಯಿತು. ಯಾವುದರಿಂದ ಎಷ್ಟು? ಎರಡೂ ಒಟ್ಟಿಗೆ ಬಂದ ಮೇಲೆ ಬಿಡಿಸುವುದು ಕಷ್ಟ.

ಬಿಡಿಸಲು ಸುಲಭದ ದಾರಿಯೊಂದಿದೆ, ಖರ್ಚೂ ಇಲ್ಲ. ಜಿಲ್ಲೆಗೆ ಹತ್ತು ಕ್ಯಾಮೆರಾ ಬಂದರೆ, ಒಂದೇ ಥರ ಅಪಾಯಕಾರಿಯಾದ ಇಪ್ಪತ್ತು ಜಾಗ ಗುರುತಿಸಿ. ಎಲ್ಲರ ಎದುರು ಚೀಟಿ ಎತ್ತಿ ಹತ್ತಕ್ಕೆ ಈಗ ಹಾಕಿ, ಉಳಿದ ಹತ್ತಕ್ಕೆ ಮುಂದಿನ ಕಂತಿನಲ್ಲಿ. ಎರಡೂ ಗುಂಪಿನಲ್ಲಿ ಸರಾಸರಿಗೆ ಮರಳುವುದು ಒಂದೇ ಥರ ನಡೆಯುತ್ತದೆ. ಅದನ್ನು ಮೀರಿ ಕ್ಯಾಮೆರಾ ಇದ್ದ ಕಡೆ ಎಷ್ಟು ಇಳಿಯಿತೋ ಅಷ್ಟು ಕ್ಯಾಮೆರಾದ್ದು. ಮೂರು ವರ್ಷ ಆದ ಮೇಲೆ ಇಪ್ಪತ್ತೂ ಜಾಗದ ಲೆಕ್ಕವನ್ನು ಠಾಣೆಯ ನೋಟಿಸ್ ಬೋರ್ಡಿನಲ್ಲೇ ಅಂಟಿಸಲಿ.