ಟೆಂಪೋದಲ್ಲಿ ಗಾಂಜಾ ಸಿಕ್ಕಿದೆ ಅಂತ ಕೇಸ್, ತಮ್ಮನಿಗೆ ಬೇಲ್ ಸಿಗುತ್ತಾ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ. ತಮ್ಮ ಬಾಡಿಗೆ ಟೆಂಪೋ ಓಡಿಸುತ್ತಾನೆ. ಆಂಧ್ರ ಕಡೆ ಟೊಮೆಟೊ ಇಳಿಸಿ ಮುಳಬಾಗಿಲು ಮೇಲೆ ವಾಪಸ್ ಬರುವಾಗ ಖಾಲಿ ಬಾಕ್ಸ್‌ಗಳ ಕೆಳಗೆ ಗಾಂಜಾ ಮೂಟೆ ಸಿಕ್ಕಿತು ಅಂತ ಹಿಡಿದು, ಮಾರಾಟದ ಕೇಸ್ ಹಾಕಿದ್ದಾರೆ. ಬೇಲ್ ಸಿಗುತ್ತಾ ಸರ್?

ಉತ್ತರ: ಮೊದಲು ಎಷ್ಟು ಕೆ.ಜಿ. ಅಂತ ಬರೆದಿದ್ದಾರೆ ನೋಡಿಮ್ಮಾ. ಮಿಕ್ಕಿದ್ದೆಲ್ಲ ಆಮೇಲೆ.

1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾನೂನಿನಲ್ಲಿ, ಶಿಕ್ಷೆಯೂ ಬೇಲೂ ತೂಕದ ಮೇಲೆ ನಿಂತಿವೆ. ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಹೆಚ್ಚೆಂದರೆ 1 ವರ್ಷ ಜೈಲು. ಅದಕ್ಕಿಂತ ಜಾಸ್ತಿ, ಆದರೆ 20 ಕೆ.ಜಿ. ದಾಟಿಲ್ಲ ಅಂದರೆ 10 ವರ್ಷದವರೆಗೆ. 20 ದಾಟಿತೋ, ಅದು ವಾಣಿಜ್ಯ ಪ್ರಮಾಣ. ಸಾಬೀತಾದರೆ ಕಡಿಮೆ ಅಂದರೂ 10 ವರ್ಷ, 20 ವರ್ಷದವರೆಗೂ ಹೋಗಬಹುದು, ಮೇಲೆ ಕನಿಷ್ಠ 1 ಲಕ್ಷ ದಂಡ. ಇಂಥ ಕೇಸಿನಲ್ಲಿ 37ನೇ ಸೆಕ್ಷನ್ ಅಡ್ಡ ಬರುತ್ತದೆ. ಸರ್ಕಾರಿ ವಕೀಲರು ವಿರೋಧಿಸಿದರೆ, ಇವನು ತಪ್ಪು ಮಾಡಿಲ್ಲ ಅನ್ನೋದಕ್ಕೆ ಕಾರಣ ಇದೆ, ಹೊರಗೆ ಬಂದರೆ ಮತ್ತೆ ಇಂಥದ್ದಕ್ಕೆ ಕೈ ಹಾಕಲ್ಲ ಅಂತ ಜಡ್ಜ್‌ಗೆ ಮನವರಿಕೆ ಆಗಬೇಕು. ಅದು ಸುಲಭ ಅಲ್ಲ.

ಅದಕ್ಕೇ ಮಹಜರ್, ಅಂದರೆ ಮಾಲು ಹಿಡಿದಾಗ ಸಾಕ್ಷಿಗಳ ಮುಂದೆ ಬರೆದ ಕಾಗದ, ಅದರ ಪ್ರತಿ ತಂದು ಕೂತು ಓದಿ. ಮೂಟೆ ಸಮೇತ ತೂಗಿದರಾ, ಬರೀ ಮಾಲು ತೂಗಿದರಾ? ಕಾಯ್ದೆ ಗಾಂಜಾ ಅನ್ನೋದು ಗಿಡದ ಹೂವು, ಕಾಯಿ ಬಿಟ್ಟ ತುದಿಗೆ ಮಾತ್ರ. ತುದಿ ಇಲ್ಲದ ಒಣ ಎಲೆ, ಬೀಜ ಅದರಲ್ಲಿ ಸೇರಲ್ಲ. ಕಾಗದದಲ್ಲಿ 21 ಕೆ.ಜಿ. ಅಂತಿದ್ದು, ಅದರಲ್ಲಿ ಗೋಣಿಚೀಲದ ತೂಕ, ಬಿಡಿ ಎಲೆ, ಬೀಜ ಎಲ್ಲ ಸೇರಿದ್ದರೆ ಇಡೀ ಕೇಸಿನ ದಾರಿಯೇ ಬದಲಾಗಬಹುದು. ಈ ವಾದ ಪ್ರತಿ ಸಲ ನಿಲ್ಲುತ್ತದೆ ಅಂತಲ್ಲ, ಆದರೆ ಎತ್ತದೇ ಬಿಡುವಂಥದ್ದೂ ಅಲ್ಲ. ಸ್ಯಾಂಪಲ್ ಯಾರ ಮುಂದೆ ತೆಗೆದರು ಅಂತಲೂ ನೋಡಿ. 52ಎ ಸೆಕ್ಷನ್ ಪ್ರಕಾರ ಅದು ಮ್ಯಾಜಿಸ್ಟ್ರೇಟ್ ಎದುರಿಗೆ ಆಗಬೇಕು.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಇದೆ: "ಪತ್ರಾಂಕಿತ ಅಧಿಕಾರಿ ಮುಂದೆ ತಪಾಸಣೆ ಮಾಡಿಲ್ಲ, 50ನೇ ಸೆಕ್ಷನ್ ಮುರಿದಿದ್ದಾರೆ, ಕೇಸ್ ಬಿದ್ದೇ ಹೋಗುತ್ತೆ." ಇದನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಪತ್ರಾಂಕಿತ ಅಧಿಕಾರಿ, ಅಂದರೆ ಸರ್ಕಾರದ ಮೇಲ್ದರ್ಜೆ ಅಧಿಕಾರಿ, ಮುಂದೆಯೇ ತಪಾಸಣೆ ಮಾಡಿ ಅಂತ ಕೇಳೋ ಆ ಹಕ್ಕು ಮೈ ಮೇಲಿನ ತಪಾಸಣೆಗೆ ಮಾತ್ರ. ಗಾಡಿಯಲ್ಲಿ, ಚೀಲದಲ್ಲಿ ಸಿಕ್ಕಿದ ಮಾಲಿಗೆ ಅದು ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನಂತೆ ಅಂತ ಎದೆ ಒಡೆದುಕೊಳ್ಳೋದೂ ಬೇಡ. ಅಂಥ ತಪ್ಪೊಪ್ಪಿಗೆ ಇಟ್ಟುಕೊಂಡು ಶಿಕ್ಷೆ ಕೊಡೋ ಹಾಗಿಲ್ಲ, ಸುಪ್ರೀಂ ಕೋರ್ಟಿನ 2020ರ ತೂಫಾನ್ ಸಿಂಗ್ ಕೇಸಿನ ತೀರ್ಪು ಅದನ್ನೇ ಹೇಳುತ್ತದೆ.

ನಿಮ್ಮ ತಮ್ಮನ ಕೇಸಿನ ಜೀವ ಇರೋದು ಬೇರೆ ಕಡೆ. ಮೂಟೆ ಇದೆ ಅಂತ ಅವನಿಗೆ ಗೊತ್ತಿತ್ತಾ? ಗಾಡಿಯಲ್ಲಿ ಸಿಕ್ಕಿದ ಮೇಲೆ ಗೊತ್ತಿತ್ತು ಅಂತಲೇ ಕಾನೂನು ಊಹಿಸಿಕೊಳ್ಳುತ್ತದೆ, ಗೊತ್ತಿರಲಿಲ್ಲ ಅಂತ ತೋರಿಸೋ ಹೊರೆ ಅವನ ಮೇಲೆ ಬೀಳುತ್ತದೆ. ಹಾಗಾಗಿ ಬಾಡಿಗೆ ಮಾತಾಡಿದವರ ಫೋನ್ ಕರೆ, ಮಂಡಿ ಚೀಟಿ, ಫಾಸ್ಟ್‌ಟ್ಯಾಗ್ ದಾಖಲೆ, ಬಾಕ್ಸ್ ತುಂಬಿಸಿದ ಜಾಗದ ಸಿಸಿಟಿವಿ, ಎಲ್ಲ ಬೇಕು. ಸಿಸಿಟಿವಿ ಸ್ವಲ್ಪ ದಿನದಲ್ಲೇ ಅಳಿಸಿ ಹೋಗುತ್ತದೆ, ಉಳಿಸಿಡಿ ಅಂತ ವಕೀಲರ ಮೂಲಕ ಕೂಡಲೇ ಅರ್ಜಿ ಕೊಡಿಸಿ. ಮನೆಯಲ್ಲಿರೋ ಫೋನಿನಿಂದ ಒಂದು ಮೆಸೇಜೂ ಅಳಿಸಬೇಡಿ, ಅದು ಅವನ ವಿರುದ್ಧ ಇದ್ದ ಹಾಗೆ ಕಂಡರೂ ಸರಿ. ಸಾಕ್ಷ್ಯ ನಾಶದ ಇನ್ನೊಂದು ಕೇಸ್ ತಲೆ ಮೇಲೆ ಬರುತ್ತದೆ.

ದಿನ ಎಣಿಸುತ್ತಿರಿ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕೋಕೆ 180 ದಿನ. ಸರ್ಕಾರಿ ವಕೀಲರ ವರದಿ ಮೇಲೆ ಕೋರ್ಟ್ 1 ವರ್ಷದವರೆಗೂ ಹಿಗ್ಗಿಸಬಹುದು. ಹಿಗ್ಗಿಸದೇ ಗಡುವು ಮುಗಿದರೆ ಬೇಲ್ ಕೇಳೋದು ಅವನ ಹಕ್ಕು, ಆದರೆ ಚಾರ್ಜ್‌ಶೀಟ್ ಬೀಳೋ ಮೊದಲೇ ಅರ್ಜಿ ಹಾಕಿರಬೇಕು. ಒಂದು ದಿನ ತಡ ಮಾಡಿ ಈ ಹಕ್ಕು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಟೆಂಪೋ ಮಾಲೀಕರು ಬೇರೆಯವರಾದರೆ ಗಾಡಿ ಬಿಡಿಸಿಕೊಳ್ಳೋಕೆ ಅವರೂ ಅರ್ಜಿ ಹಾಕಬಹುದು, 2025ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ಮಾಡಿಕೊಟ್ಟಿದೆ.

ಫೀಸಿಗೆ ಜಮೀನು ಅಡ ಇಡೋಕೆ ಹೋಗಬೇಡಿ. ಜೈಲಿನಲ್ಲಿ ಇರೋರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಆ ವಕೀಲರು ಜೈಲಿಗೆ ಹೋಗಿ ನಿಮ್ಮ ತಮ್ಮನ ಹತ್ತಿರ ಮೊದಲು ಕೇಳಬೇಕಾದ್ದು ಇದು: ಆ ಬಾಕ್ಸ್‌ಗಳನ್ನ ಯಾರು ತುಂಬಿಸಿದರು, ಆಗ ನೀನು ಎಲ್ಲಿದ್ದೆ?